ಎರಡು ಮೂಲಗಳ ನಡುವಿನ ಅಂತರ

ನಾಸಿಕದ ಪಂಚವಟಿಯ ಹತ್ತಿರ ಉಮಾನಾಥನ ಹೋಟೆಲಿನಲ್ಲಿ ಒಂದು ಭಾನುವಾರ ಬೆಳಿಗ್ಗೆ, ಇಡ್ಲಿ ಇನ್ನೂ ಹಬೆಯಾಡುತ್ತಿದ್ದ ಹೊತ್ತಿಗೆ, ಲಿಂಗರಾಜು ಎಂಬ ಅವಿವಾಹಿತ ಗೃಹಸ್ಥ ತನಗೆ ನಿನ್ನೆ ನಾಲ್ಕು ಮಕ್ಕಳು ಸಿಕ್ಕವೆಂದು ತುಂಬಿದ ಹೋಟೆಲಿಗೇ ಕೇಳಿಸುವಂತೆ ಮರಾಠಿಯಲ್ಲಿ ಸಾರಿಬಿಟ್ಟ.

ಅವನು ಹೇಳಹೊರಟದ್ದು ಬೇರೆ. ಎರಡು, ಮೂರು, ಐದು, ಏಳು, ಹನ್ನೊಂದು ಎಂದು ಹೋಗುವ, ಒಂದು ಮತ್ತು ತಮ್ಮನ್ನು ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳಿವೆಯಲ್ಲ, ಅವಕ್ಕೆ ಮರಾಠಿಯಲ್ಲಿ ‘ಮೂಳ ಸಂಖ್ಯಾ’ ಎನ್ನುತ್ತಾರೆ. ಮೂಳ ಎಂದರೆ ಬೇರು. ಆದರೆ ಕನ್ನಡದ ನಾಲಿಗೆಗೆ ಬೇರು ಎಂದರೆ ‘ಮೂಲ’. ಮರಾಠಿಯಲ್ಲಿ ‘ಮೂಲ’ ಎಂದರೆ ಮಗು. ಒಂದು ಳಕಾರ ಜಾರಿದರೆ ಗಣಿತ ಹೋಗಿ ಗೃಹಸ್ಥಾಶ್ರಮ ಬಂತು. ಗದುಗಿನ ಕಡೆಯಿಂದ ಬಂದ ಲಿಂಗರಾಜು ತಣ್ಣಗಿದ್ದಾಗ ‘ಮೂಳ’ ಎಂದು ಸರಿಯಾಗಿಯೇ ಅನ್ನುತ್ತಿದ್ದ. ಉತ್ಸಾಹ ಏರಿತೋ, ನಾಲಿಗೆ ಊರಿನ ಬಸ್ಸು ಹತ್ತಿಬಿಡುತ್ತಿತ್ತು. ಅವನು ತಣ್ಣಗಿರುವುದೇ ಅಪರೂಪ.

ಪಕ್ಕದ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದ ಹವಾಲ್ದಾರ ಬಸಿಯನ್ನು ಕೆಳಗಿಟ್ಟ. ಗೋದಾವರಿಯ ಘಾಟಿನ ಜಂಗುಳಿಯಲ್ಲಿ ಮಕ್ಕಳು ತಪ್ಪಿಸಿಕೊಳ್ಳುವ ಊರು ಅದು. ಮರಾಠಿಯಲ್ಲಿ ನಡೆದ ವಿಚಾರಣೆಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

“ಎಲ್ಲಿ ಸಿಕ್ಕವು?”

“ಎಂಟು ಸಾವಿರದ ಆಚೆ.”

“ಅಷ್ಟು ಜನರ ನಡುವೆ ಸಿಕ್ಕವೆ? ಅಪ್ಪ ಅಮ್ಮ ಯಾರು?”

“ಯಾರೂ ಇಲ್ಲ ಸಾಹೇಬ. ಅದೇ ಇವುಗಳ ವಿಶೇಷ.”

“ಈಗ ಎಲ್ಲಿವೆ?”

“ನನ್ನ ಖೋಲಿಯಲ್ಲಿ. ಗೋಡೆ ಮೇಲೆ.”

ಹವಾಲ್ದಾರ ಅವನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದ. ಗಲ್ಲೆಯ ಮೇಲೆ ಕೂತಿದ್ದ ಉಮಾನಾಥ ಚಿಲ್ಲರೆ ಎಣಿಸುವುದನ್ನು ಬಿಟ್ಟು ಪಂಚೆ ಎತ್ತಿಕಟ್ಟಿ ಬೀದಿಗೆ ಓಡಬೇಕಾಯಿತು. ಮೂವರೂ ಸೇರಿ ಲಿಂಗರಾಜುವಿನ ಖೋಲಿಗೆ ಹೋದರು. ನೆಲದಿಂದ ತೊಲೆಯವರೆಗೆ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಅಂಕಿಗಳ ಸಾಲು. ಹವಾಲ್ದಾರ ಟೋಪಿ ತೆಗೆದು ತಲೆ ಕೆರೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಉಮಾನಾಥನನ್ನು ಬದಿಗೆ ಕರೆದು, ಈ ಮನುಷ್ಯನಿಗೆ ಬೇಗ ಮದುವೆ ಮಾಡಿಸಿ, ನಿಜವಾದವು ಹುಟ್ಟಲಿ ಎಂದು ಹೇಳಿ ಹೋದ.

“ಎಂತ ಮಾರಾಯ ನೀನು,” ಎಂದ ಉಮಾನಾಥ ವಾಪಸ್ಸು ಬರುವಾಗ. “ಳ ಹೇಳು ಅಂತ ನಿನಗೆ ಎಷ್ಟು ಸಲ ಹೇಳುವುದು? ನಾಲಿಗೆ ಮಡಚಲಿಕ್ಕೆ ಬಾಡಿಗೆ ಕೊಡಬೇಕಾ?”

“ಖುಷಿ ಒಳಗ ಮಡಚಲಿಕ್ಕೆ ಆಗೂದಿಲ್ರೀ ಅಣ್ಣಾರ,” ಎಂದ ಲಿಂಗರಾಜು. “ನಾಲ್ಕು ಸಿಕ್ಕಾವ ನೋಡ್ರಿ, ಒಂದೇ ದಿನ.”

ಲಿಂಗರಾಜು ಓಝರ್‌ನ ವಿಮಾನ ಕಾರ್ಖಾನೆ ಶುರುವಾದ ಹೊಸತರಲ್ಲೇ ಬಂದವನು. ತಪಾಸಣೆ ವಿಭಾಗದಲ್ಲಿ ಅವನ ಕೆಲಸ, ತಗಡು ತಗಡಿನ ನಡುವಿನ ಸಂದು ಅಳೆಯುವುದು. ಅದಕ್ಕೆ ಫೀಲರ್ ಗೇಜ್ ಎಂಬ ಉಕ್ಕಿನ ತೆಳು ಎಲೆಗಳ ಕಟ್ಟು ಅವನ ಕಿಸೆಯಲ್ಲಿ ಸದಾ ಇರುತ್ತಿತ್ತು. ಒಂದೊಂದೇ ಎಲೆಯನ್ನು ಸಂದಿಗೆ ತೂರಿಸಿ ನೋಡುವುದು, ಸಂದು ಹೆಚ್ಚಾಗಿದ್ದರೆ ತಲೆಯಾಡಿಸಿ ವಾಪಸ್ಸು ಕಳಿಸುವುದು. ವಾರದ ಆರು ದಿನ ಸಂದು ದೊಡ್ಡದಾಯಿತೆಂದು ಮುಖ ಗಂಟಿಕ್ಕುವ ಮನುಷ್ಯ ಏಳನೆಯ ದಿನ ಸಂದು ದೊಡ್ಡದಾಗಲಪ್ಪಾ ಎಂದು ಹಾರೈಸುತ್ತಿದ್ದ.

ಯಾಕೆಂದರೆ ಅವನ ಹುಚ್ಚು ಇದ್ದದ್ದು ಅವಿಭಾಜ್ಯಗಳ ಮೇಲಲ್ಲ, ಅವುಗಳ ನಡುವಿನ ಖಾಲಿ ಜಾಗದ ಮೇಲೆ. ಚಿಕ್ಕಂದಿನಲ್ಲಿ ಅವನ ಮೇಷ್ಟ್ರು ಯಾವಾಗಲೋ, ಈ ಸಂಖ್ಯೆಗಳು ಮೊದಮೊದಲು ಊರ ಬಾಗಿಲ ಬೇವಿನ ಮರಗಳ ಹಾಗೆ ಒತ್ತೊತ್ತಾಗಿರುತ್ತವೆ, ಹೋಗಹೋಗುತ್ತ ವಿರಳವಾಗುತ್ತವೆ ಅಂದಿದ್ದರು. ಎಷ್ಟು ವಿರಳ ಎಂದು ಹುಡುಗ ಕೇಳಿದ್ದಕ್ಕೆ, “ಹೋಗಿ ನೋಡು” ಅಂದಿದ್ದರು. ಮೇಷ್ಟ್ರು ಆ ಮಾತನ್ನು ಮರೆತು ಪಿಂಚಣಿ ತೆಗೆದುಕೊಂಡರು. ಹುಡುಗ ಇನ್ನೂ ಹೋಗುತ್ತಲೇ ಇದ್ದ.

ಉಮಾನಾಥನಿಗೆ ಇದನ್ನು ಅರ್ಥ ಮಾಡಿಸಲು ಲಿಂಗರಾಜು ವಡೆಯನ್ನು ಬಳಸಿದ್ದ. ಹದಿಮೂರು ವಡೆ ಇದ್ದರೆ ಎರಡು ಮೇಜಿಗೂ ಸಮವಾಗದು, ಮೂರಕ್ಕೂ ಆಗದು, ನಾಲ್ಕಕ್ಕೂ ಆಗದು. ಒಂದೋ ಒಬ್ಬನೇ ತಿನ್ನಬೇಕು, ಇಲ್ಲವೇ ಹದಿಮೂರು ಜನ ಬರಬೇಕು.

“ಗೊತ್ತಾಯಿತು,” ಎಂದ ಉಮಾನಾಥ. “ನಮ್ಮ ಊರಿನ ಅವಿಭಕ್ತ ಕುಟುಂಬದ ಹಾಗೆ.”

“ಅದು ಕೋರ್ಟಿಗೆ ಹೋದ್ರ ಭಾಗ ಆಗತೈತಿ ಅಣ್ಣಾರ. ಇದು ಹೈಕೋರ್ಟಿಗೆ ಹೋದ್ರೂ ಆಗೂದಿಲ್ಲ.”

ಇನ್ನು ಅಂತರದ ಲೆಕ್ಕ. ಏಳಾದ ಮೇಲೆ ಹನ್ನೊಂದು. ನಡುವೆ ನಾಲ್ಕರ ಅಂತರ. ಇಪ್ಪತ್ಮೂರಾದ ಮೇಲೆ ಇಪ್ಪತ್ತೊಂಬತ್ತು, ಆರು. ಅಲ್ಲಿಯವರೆಗೆ ಎಲ್ಲೂ ಕಾಣದಷ್ಟು ದೊಡ್ಡ ಅಂತರ ಬಂದರೆ ಅದು ರೆಕಾರ್ಡು. ಅದಕ್ಕಿಂತ ದೊಡ್ಡದು ಬರುವವರೆಗೆ ಪಟ್ಟ ಅದರದ್ದೇ. ಈ ರೆಕಾರ್ಡಿನ ಸುದ್ದಿ ಹೋಟೆಲಿಗೆ ಹೊಸತಾಗಿ ಬಂದಾಗ ಒಂದು ದಿನ ಲಿಂಗರಾಜು “ರೆಕಾರ್ಡು ಮುರೀತ್ರೀ” ಎನ್ನುತ್ತ ಒಳಗೆ ನುಗ್ಗಿದ್ದ. ಉಮಾನಾಥನ ಹೆಂಡತಿ ಗುಣವತಿ ಅಡುಗೆಮನೆಯಿಂದಲೇ, “ಯಾವುದು, ಭಜನೆಯದ್ದಾ? ಅದಕ್ಕೇ ನಾನು ಗ್ರಾಮಫೋನಿನ ಹತ್ತಿರ ಯಾರೂ ಹೋಗಬೇಡಿ ಅಂತ ಹೇಳಿದ್ದು” ಎಂದಿದ್ದಳು.

ಆದರೆ ಮುರಿಯದೆ ಕೂತ ಒಂದು ರೆಕಾರ್ಡಿತ್ತು. ೧೩೨೭ ಆದ ಮೇಲೆ ೧೩೬೧ರವರೆಗೆ ಒಂದೂ ಅವಿಭಾಜ್ಯವಿಲ್ಲ: ಮೂವತ್ನಾಲ್ಕರ ಅಂತರ. ಅದನ್ನು ಕಂಡ ದಿನ ಲಿಂಗರಾಜು ಹೋಟೆಲಿನವರಿಗೆಲ್ಲ ಜಿಲೇಬಿ ಹಂಚಿದ್ದ. ಆಮೇಲೆ ಎರಡು ಸಾವಿರ ದಾಟಿತು, ಐದು ಸಾವಿರ ದಾಟಿತು, ಎಂಟು ಸಾವಿರವೂ ದಾಟಿತು. ಮೂವತ್ನಾಲ್ಕು ಮಾತ್ರ ಹಳೆಯ ನಗರಾಧ್ಯಕ್ಷನ ಹಾಗೆ ಕುರ್ಚಿ ಬಿಡಲಿಲ್ಲ. ಮುಂದೆ ಎಲ್ಲೋ ಇದಕ್ಕಿಂತ ದೊಡ್ಡದು ಇದ್ದೇ ಇದೆ, ಅದರಲ್ಲಿ ಲಿಂಗರಾಜುವಿಗೆ ಸಂಶಯವಿರಲಿಲ್ಲ. ಎಲ್ಲಿ ಎಂಬುದಷ್ಟೇ ಪ್ರಶ್ನೆ. ಇದರ ಕೋಷ್ಟಕವೇ ಅಚ್ಚಾಗಿ ಸಿಗುತ್ತದಂತೆ, ಲೈಬ್ರರಿಗೆ ಹೋಗಿ ನೋಡಬಾರದೇ ಎಂದು ಕಾರ್ಖಾನೆಯ ಒಬ್ಬ ಇಂಜಿನಿಯರು ಅಂದಾಗ ಅವನು ನೊಂದುಕೊಂಡ. “ನಿಮ್ಮ ಮದುವಿ ಊಟ ನೀವ ಉಣಬೇಕೋ, ಮಂದಿ ಉಂಡು ಬಂದು ಹೇಳಿದ್ರ ಸಾಕೋ?” ಎಂದ. ಮದುವೆಯಾಗದವನ ಬಾಯಲ್ಲಿ ಈ ಉಪಮೆ ಕೇಳಿ ಇಂಜಿನಿಯರು ತಮ್ಮ ನಕ್ಷೆಯ ಕಡೆ ತಿರುಗಿದರು.

ಅವನ ಜೀವನದಲ್ಲಿ ಇದ್ದದ್ದು ಒಂದೇ ಆಸೆ. ಯಾರಾದರೊಬ್ಬರು, ಒಬ್ಬರೇ ಸಾಕು, ಈ ಅಂತರಗಳ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳಬೇಕು. ಇಷ್ಟು ವರ್ಷದಲ್ಲಿ ಅದು ಆಗಿರಲಿಲ್ಲ. ಎಂಬತ್ತೊಂಬತ್ತು ಬರುವಷ್ಟರಲ್ಲಿ ಅಂಚೆಯವನಿಗೆ ಕಾಗದ ನೆನಪಾಗುತ್ತಿತ್ತು. ನೂರಾ ಹದಿಮೂರಕ್ಕೆ ಅಡುಗೆಯವನಿಗೆ ಸಾಂಬಾರು ಉಕ್ಕುತ್ತಿತ್ತು. ಐನೂರರ ತನಕ ಉಳಿದವನು ಉಮಾನಾಥ ಒಬ್ಬನೇ. ಅವನೂ ಅಲ್ಲಿಗೆ ಬಂದಾಗ ಗಲ್ಲೆಗೆ ಗಿರಾಕಿ ಬಂದರೆಂದು ಏಳುತ್ತಿದ್ದ. ಉಮಾನಾಥನಿಗೆ ಬಿಡುವಿಲ್ಲ, ಲಿಂಗರಾಜುವಿಗೆ ಬಿಡುವೇ ಬೇಕು. ಹೀಗೆ ಇಬ್ಬರ ಸ್ನೇಹ ನಡೆದಿತ್ತು. ಎದ್ದು ಬರುವಾಗ ಲಿಂಗರಾಜು ಬೆರಳಿನಲ್ಲಿ ಮೇಜಿನ ಮೇಲಿನ ನೀರನ್ನು ಸವರುತ್ತ ಕೂತಿರುವುದು ಕಂಡು ಉಮಾನಾಥನಿಗೆ ಒಳಗೊಳಗೇ ಕಸಿವಿಸಿಯಾಗುತ್ತಿತ್ತು.

ಹೀಗಿರುವಾಗ ವತ್ಸಲಾಬಾಯಿ ಬೋರಸ್ತೆ ಬಂದರು. ಊರೂರು ತಿರುಗಿ ಕುಟುಂಬ ಯೋಜನೆ ಸಾರುವ ಡಾಕ್ಟರು. ಎರಡು ಮಕ್ಕಳ ನಡುವೆ ಮೂರು ವರ್ಷದ ಅಂತರ ಇರಲಿ ಎಂಬುದು ಅವರ ಜಪ. ಅವರ ಕಷ್ಟವೂ ಲಿಂಗರಾಜುವಿನದ್ದೇ: ಬಾಯಿ ತೆರೆದರೆ ಸಭೆ ಖಾಲಿ. ಗಂಡಸರಂತೂ ಕೆಂಪು ತ್ರಿಕೋನದ ಗುರುತು ಕಂಡರೆ ಬೀದಿಯ ಆಚೆ ಬದಿಗೆ ದಾಟುತ್ತಿದ್ದರು. ಆ ದಿನ ಅವರು ಹೋಟೆಲಿನ ಮೂಲೆಯಲ್ಲಿ ದೋಸೆ ತಿನ್ನುತ್ತಿದ್ದಾಗ, ಲಿಂಗರಾಜು ಹಾಲಿನ ಗವಳಿಯನ್ನು ಕಂಬಕ್ಕೆ ಒತ್ತಿ ನಿಲ್ಲಿಸಿಕೊಂಡು ಮರಾಠಿಯಲ್ಲಿ ವಿವರಿಸುತ್ತಿದ್ದ: ಮೊದಲ ಮೂಲಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ಆಮೇಲೆ ಅಂತರ ಹೆಚ್ಚುತ್ತದೆ, ಅಂತರ ಹೆಚ್ಚಿದಷ್ಟೂ ತನಗೆ ಆನಂದ, ಎರಡು ಮೂಲಗಳ ನಡುವಿನ ಅತಿ ದೊಡ್ಡ ಅಂತರಕ್ಕಾಗಿ ತಾನು ಆಯುಷ್ಯವನ್ನೇ ಕೊಟ್ಟಿದ್ದೇನೆ.

ವತ್ಸಲಾಬಾಯಿ ಕೈ ತೊಳೆಯದೆ ಎದ್ದು ಬಂದರು.

“ಎಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೀರಿ?”

“ಈ ಕಡೆ ಬಂದಾಗಿನಿಂದ. ಹತ್ತು ವರ್ಷ ಆಯಿತು.”

“ಯಾವ ಇಲಾಖೆಯಿಂದ?”

“ಯಾವುದೂ ಇಲ್ಲ ಬಾಯಿ. ಸ್ವಂತ ಹುಚ್ಚು.”

“ಮದುವೆ?”

“ಇದರಲ್ಲೇ ಹೊತ್ತು ಹೋಯಿತು.”

ವತ್ಸಲಾಬಾಯಿಯ ಕಣ್ಣು ತುಂಬಿ ಬಂದದ್ದನ್ನು ಗವಳಿ ನೋಡಿದನಂತೆ. ಮುಂದಿನ ಭಾನುವಾರ ಔರಂಗಾಬಾದಿನಲ್ಲಿ ದೊಡ್ಡ ಸಭೆಯಿದೆ, ಇದೇ ವಿಷಯದ ಮೇಲೆ ಮಾತಾಡುತ್ತೀರಾ ಎಂದು ಅವರು ಕೇಳಿದರು. ಗಲ್ಲೆಯಲ್ಲಿ ಯಾತ್ರೆಯ ಬಸ್ಸಿನವರ ಗಲಾಟೆಯ ನಡುವೆ ಉಮಾನಾಥನ ಕಿವಿಗೆ ಬಿದ್ದದ್ದು ಈ ಕೊನೆಯ ಮಾತು ಮಾತ್ರ. ಕೆಂಪು ತ್ರಿಕೋನದ ಚೀಲ ಮೇಜಿನ ಕೆಳಗಿತ್ತು. ಅದನ್ನು ಅವನು ನೋಡಲಿಲ್ಲ.

“ಅಣ್ಣಾರ,” ಎಂದು ಲಿಂಗರಾಜು ಬಂದು ಗಲ್ಲೆಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಕರದಾರ. ಮಾತಾಡ್ರಿ ಅಂದಾರ. ಕುರ್ಚಿ ಹಾಕಿ ಮಂದೀನ ಕುಂದರಸ್ತಾರಂತ.”

“ನಿನ್ನ ಆ ಸಂದುಗೊಂದಿನ ವಿಷಯವಾ? ಕೇಳಲಿಕ್ಕೆ ಯಾರು ಬರ್ತಾರೆ?”

“ನೂರಾರು ಮಂದಿ ಬರ್ತಾರಂತ್ರೀ. ಹೆಣ್ಮಕ್ಕಳ ಹೆಚ್ಚು ಅಂತ.”

ಮರಾಠಿ ಹೆಂಗಸರು ಗಣಿತದಲ್ಲಿ ಇಷ್ಟು ಮುಂದುವರಿದಿದ್ದಾರೆಂದು ಉಮಾನಾಥನಿಗೆ ಗೊತ್ತಿರಲಿಲ್ಲ. ಗುಣವತಿ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದು ಗಂಡನಿಗೆ ಅಪ್ಪಣೆ ಕೊಟ್ಟಳು. “ನೀವೂ ಹೋಗಿ. ಇವರನ್ನು ಒಬ್ಬರನ್ನೇ ಕಳಿಸಿದರೆ ಆ ಊರಿನ ಪೊಲೀಸಿನವರಿಗೆ ಹೇಳುವವರು ಯಾರು? ಗಲ್ಲೆ ನಾನು ನೋಡಿಕೊಳ್ತೇನೆ.”

“ವೈನೀ, ನಿಮ್ಮ ಋಣ,” ಎಂದ ಲಿಂಗರಾಜು ಅತ್ತಿಗೆಯ ಕಡೆ ತಿರುಗಿ.

“ಋಣ ಎಲ್ಲ ಬೇಡ, ಳ ಹೇಳಿ ಸಾಕು.”

ಆ ವಾರವೆಲ್ಲ ಲಿಂಗರಾಜುವಿಗೆ ಊಟ ಸೇರಲಿಲ್ಲ. ಸಭೆಗೆ ಹೇಳಲು ಹೊಸದೇನಿದೆ? ಮೂವತ್ನಾಲ್ಕು ಹಳಸಿದ ಸುದ್ದಿ. ಊಟಕ್ಕೆ ಕರೆದು ನಿನ್ನೆಯ ಅನ್ನ ಬಡಿಸಿದ ಹಾಗೆ. ಹೊಸ ರೆಕಾರ್ಡು ಕೈಯಲ್ಲಿದ್ದರೆ ಜನ ಕೊನೆಯವರೆಗೆ ಕೂರುತ್ತಾರೆ, ಇಲ್ಲವಾದರೆ ಇಲ್ಲಿಯ ಹಾಗೆ ಅಲ್ಲಿಯೂ ಎದ್ದು ಹೋಗುತ್ತಾರೆ. ಹೀಗೆಂದು ಅವನು ಎಣಿಸಿದ್ದ. ಶನಿವಾರ ಸಂಜೆಗೆ ಗೋಡೆಯ ಮೇಲೆ ೯೫೫೧ಕ್ಕೆ ಬಂದು ನಿಂತಿದ್ದ. ಅದು ಅವಿಭಾಜ್ಯ. ಮುಂದಿನದ್ದು ಬಸ್ಸಿನಲ್ಲಿ ನೋಡುವುದೆಂದಾಯಿತು.

ಭಾನುವಾರ ಬೆಳಿಗ್ಗೆ ಇಬ್ಬರೂ ಎಸ್‌ಟಿಯ ಕೆಂಪು ಬಸ್ಸು ಹತ್ತಿದರು. ಉಮಾನಾಥ ಸಭೆಯೆಂದು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದ. ಕಿಟಕಿ ಬದಿಯಲ್ಲಿ ಲಿಂಗರಾಜು ದಿನಪತ್ರಿಕೆಯ ಅಂಚಿನಲ್ಲಿ ಭಾಗಾಕಾರ ಹಾಕುತ್ತ ಕೂತ. ಸಮಸಂಖ್ಯೆಗಳು ತಾವಾಗಿ ಬೀಳುತ್ತವೆ. ಐದರಲ್ಲಿ ಮುಗಿಯುವವೂ ಬೀಳುತ್ತವೆ. ಮೂರರಿಂದ ಹೋಗುವವನ್ನು ಅಂಕಿ ಕೂಡಿಸಿಯೇ ಹೇಳಬಹುದು. ಉಳಿದವಕ್ಕೆ ಒಂದೊಂದಕ್ಕೂ ಯುದ್ಧ.

ನಿಫಾಡ ಬರುವ ಮೊದಲೇ ೯೫೫೩ ಬಿತ್ತು. “ನಲವತ್ತೊಂದರಲೆ ಹೋತ್ರೀ.” ಹಿಂದೆಯೇ ೯೫೫೭, ಹತ್ತೊಂಬತ್ತರಿಂದ. ೯೫೫೯, ಹನ್ನೊಂದರಿಂದ. ಉಮಾನಾಥ ತೂಕಡಿಸಲು ಶುರುಮಾಡಿದ್ದ. ಯೇವಲೆಯ ಹೊತ್ತಿಗೆ ಲಿಂಗರಾಜುವಿನ ಉಸಿರು ಜೋರಾಯಿತು: ೯೫೬೩ ಯಾವುದಕ್ಕೂ ಬಗ್ಗದೆ ಬಗ್ಗದೆ ಕೊನೆಗೆ ಎಪ್ಪತ್ಮೂರಕ್ಕೆ ಬಗ್ಗಿತು.

“ಅಣ್ಣಾರ, ಏಳ್ರಿ. ಇನ್ನೂ ಒಂದೂ ಸಿಕ್ಕಿಲ್ಲ.”

“ಸಿಗದಿದ್ದರೆ ಬೇಜಾರಲ್ಲವಾ?”

“ಸಿಗದಿದ್ರನ ಖುಷಿರೀ. ಖಾಲಿ ಇದ್ದಷ್ಟೂ ಅಂತರ ಬೆಳೀತೈತಿ.”

ಉಮಾನಾಥ ಕಣ್ಣೊರೆಸಿಕೊಂಡು ನೆಟ್ಟಗೆ ಕೂತ. ಹೋಟೆಲಿನಲ್ಲಾದರೆ ಖಾಲಿ ಮೇಜು ಕಂಡರೆ ಎದೆ ಕುಸಿಯುತ್ತದೆ. ಇಲ್ಲಿ ಖಾಲಿ ಮೇಜಿಗಾಗಿ ಪ್ರಾರ್ಥನೆ. ಆದರೂ ಒಂದೊಂದು ಸಂಖ್ಯೆ ಬೀಳುವಾಗ ಅವನಿಗೆ ಅರಿವಿಲ್ಲದೆ ಅವನ ಕೈ ಮುಂದಿನ ಸೀಟಿನ ಸರಳನ್ನು ಹಿಡಿಯತೊಡಗಿತ್ತು. ೯೫೬೯ ಹೋಯಿತು. ೯೫೭೧ ಹೋಯಿತು. ವೈಜಾಪುರದ ನಿಲ್ದಾಣದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಲಿಂಗರಾಜು ಇಳಿಯಲಿಲ್ಲ. ಉಮಾನಾಥ ತಂದುಕೊಟ್ಟ ಚಹಾ ಅವನ ಕೈಯಲ್ಲೇ ತಣ್ಣಗಾಯಿತು. ಎದುರಿಗೆ ೯೫೭೭ ನಿಂತಿತ್ತು.

ಏಳರಿಂದ ಹೋಗಲಿಲ್ಲ. ಹನ್ನೊಂದರಿಂದ ಇಲ್ಲ. ಹದಿಮೂರರಿಂದ ಇಲ್ಲ. ಪ್ರತಿ ಸಲವೂ ಏನಾದರೊಂದು ಶೇಷ. ಬಸ್ಸು ಹೊರಟಿತು. ಮೂವತ್ತೇಳು, ನಲವತ್ಮೂರು, ಐವತ್ಮೂರು, ಯಾವುದಕ್ಕೂ ಜಗ್ಗಲಿಲ್ಲ. ಇದೇ ಅವಿಭಾಜ್ಯವಾಗಿಬಿಟ್ಟರೆ ಅಂತರ ಇಪ್ಪತ್ತಾರಕ್ಕೇ ಮುಗಿಯಿತು, ಮತ್ತೆ ಮೊದಲಿನಿಂದ ಎಣಿಕೆ, ಸಭೆಗೆ ಹಳಸಿದ ಅನ್ನ. ದಿನಪತ್ರಿಕೆಯ ಅಂಚು ಮುಗಿಯಿತು. ಟಿಕೇಟಿನ ಹಿಂಬದಿ ಮುಗಿಯಿತು. ಲಿಂಗರಾಜು ಹುಚ್ಚನಂತೆ ಅತ್ತಿತ್ತ ನೋಡಿ, ಪಕ್ಕದಲ್ಲಿ ಗಂಜಿ ಹಾಕಿ ಬಿಗಿದು ಹಾಸಿದಂತಿದ್ದ ಬಿಳಿ ಬಯಲನ್ನು ಕಂಡ.

“ಅಣ್ಣಾರ, ಸ್ವಲ್ಪ ಮೊಳಕಾಲು ಕೊಡ್ರಿ.”

“ಎಂತ? ಏಯ್, ಪಂಚೆ ಮಾರಾಯ, ಪಂಚೆ—”

ಅಷ್ಟರಲ್ಲಿ ಅವನ ಮೊಳಕಾಲಿನ ಮೇಲೆ ಅರವತ್ತೊಂದರ ಭಾಗಾಕಾರ ಇಳಿಯುತ್ತಿತ್ತು. ಬೈಯಬೇಕಾದ ಉಮಾನಾಥನ ಬಾಯಿಗೆ ಬೈಗುಳ ಬರಲಿಲ್ಲ. ಅವನೂ ಬಗ್ಗಿ ತನ್ನ ಪಂಚೆಯನ್ನೇ ಓದುತ್ತಿದ್ದ.

“ಹೋಯಿತಾ?”

ಲಿಂಗರಾಜು ಇನ್ನೊಂದು ಸಲ ಗುಣಿಸಿ ನೋಡಿದ. “ಹೋತ್ರೀ. ಅರವತ್ತೊಂದಲೆ ನೂರಾ ಐವತ್ತೇಳು. ಶೇಷ ಇಲ್ಲ.”

ಆಮೇಲಿನದ್ದು ಇಳಿಜಾರು. ೯೫೮೧ ಹನ್ನೊಂದಕ್ಕೆ ಬಿತ್ತು. ೯೫೮೩ ಏಳಕ್ಕೇ ಬಿತ್ತು. ಅದು ಬಿದ್ದ ಕ್ಷಣವೇ ಹಳೆಯ ಮೂವತ್ನಾಲ್ಕರ ಗಡಿ ದಾಟಿಹೋಗಿತ್ತು. ಲಿಂಗರಾಜು ೯೫೮೭ನ್ನು ಹಿಡಿದು, ಉಮಾನಾಥನ ಎರಡನೆಯ ಮೊಳಕಾಲನ್ನೂ ತುಂಬಿಸಿ, ತೊಂಬತ್ತೇಳರವರೆಗೆ ಪ್ರತಿಯೊಂದರಿಂದಲೂ ಭಾಗಿಸಿದ. ಯಾವುದಕ್ಕೂ ಹೋಗಲಿಲ್ಲ. ೯೫೫೧ರ ನಂತರ ೯೫೮೭.

“ಛತ್ತೀಸ್,” ಎಂದು ಅವನು ಬಸ್ಸಿನಲ್ಲಿ ಎದ್ದು ನಿಂತು ಕೂಗಿದ. ಕಂಡಕ್ಟರ್ ಹಿಂದಿರುಗಿ ನೋಡಿದ. ದೇವನಾಗರಿಯಲ್ಲಿ ಮೂವತ್ತಾರು ಬರೆದರೆ ಮೂರು ಮತ್ತು ಆರು ಬೆನ್ನು ತಿರುಗಿಸಿ ಕೂರುತ್ತವೆ. ಹಾಗಾಗಿ ಆ ಸೀಮೆಯಲ್ಲಿ ಮೂವತ್ತಾರೆಂದರೆ ವೈಮನಸ್ಸು. ಯಾರ ಜೊತೆ ಜಗಳ ಎಂದು ಕಂಡಕ್ಟರ್ ಕೇಳಿದ. “ಯಾರ ಜೊತೆಯೂ ಇಲ್ಲ,” ಎಂದ ಉಮಾನಾಥ ಶಾಯಿಯಾದ ಪಂಚೆಯನ್ನು ಕೊಡವುತ್ತ. ದೂರದಲ್ಲಿ ದೌಲತಾಬಾದಿನ ಕೋಟೆಯ ಗುಡ್ಡ ಕಂಡಿತು. ಇಬ್ಬರೂ ಅದನ್ನು ನೋಡಲಿಲ್ಲ.

ಸಭೆ ಒಂದು ಶಾಲೆಯ ಅಂಗಳದಲ್ಲಿತ್ತು. ಬಾಗಿಲಲ್ಲಿ ದೊಡ್ಡ ಬಟ್ಟೆಯ ಫಲಕ. ಮೇಲೆ ಕೆಂಪು ತ್ರಿಕೋನ, ಕೆಳಗೆ ‘ದೋನ್ ಮುಲಾಂಮಧೀಲ್ ಅಂತರ್’. ಎರಡು ಮಕ್ಕಳ ನಡುವಿನ ಅಂತರ. ಉಮಾನಾಥ ಅದನ್ನು ಓದಿದ. ಅಂಗಳ ತುಂಬ ಕಂಕುಳಲ್ಲೊಂದು ಕೈಯಲ್ಲೊಂದು ಮಗು ಹಿಡಿದು ಕೂತ ಹೆಂಗಸರನ್ನು ನೋಡಿದ. ಮತ್ತೊಮ್ಮೆ ಫಲಕ ಓದಿದ.

ಲಿಂಗರಾಜುವೂ ಫಲಕ ಓದಿದ. “ನೋಡ್ರಿ ಅಣ್ಣಾರ, ಬ್ಯಾನರ್ ಹಾಕ್ಯಾರ. ಮ್ಯಾಲೆ ತ್ರಿಕೋನ ಬ್ಯಾರೆ. ರೇಖಾಗಣಿತಾನೂ ಐತಿ ಅನಸ್ತೈತಿ.”

“ಲಿಂಗರಾಜು, ಒಂದು ನಿಮಿಷ ನಿಲ್ಲು. ಇಲ್ಲಿ ಮೂಲ ಅಂದರೆ ಉಂಟಲ್ಲ—”

“ಗೊತ್ತೈತ್ರೀ. ಳ ಅನಬೇಕು. ನಾಲಿಗಿ ಮಡಚಿಕೊಂಡ ಬಂದೀನಿ.”

ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಅಂಗಿಯ ಕೊನೆಯ ಗುಂಡಿಯನ್ನೂ ಹಾಕಿದ್ದ. ತೋಳು ಹಿಡಿದು ಎಳೆದರೆ ಈಗಲೇ ನಾಸಿಕದ ಬಸ್ಸು ಹತ್ತಿಸಬಹುದಿತ್ತು. ಉಮಾನಾಥ ತೋಳು ಹಿಡಿದನು ಕೂಡ. ಆಮೇಲೆ, ಐನೂರಕ್ಕೆ ತಾನು ಎದ್ದುಬಂದ ಭಾನುವಾರಗಳೆಲ್ಲ ನೆನಪಾಗಿ, ಬಿಟ್ಟುಬಿಟ್ಟ. ಎದ್ದುಹೋಗುವವರು ಹೇಗೂ ಎದ್ದುಹೋಗುತ್ತಾರೆ. ಅದಕ್ಕೆ ಮೊದಲೇ ತಾನೇಕೆ ಎಬ್ಬಿಸಬೇಕು. ಹೋಗಿ ಮುಂದಿನ ಸಾಲಿನಲ್ಲಿ, ಮೊಳಕಾಲ ಮೇಲಿನ ಲೆಕ್ಕವನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಕೂತ.

ಲಿಂಗರಾಜು ಮೊದಲ ಎರಡು ವಾಕ್ಯ ‘ಮೂಳ’ ಎಂದೇ ಹೇಳಿದ. ಮೂರನೆಯದಕ್ಕೆ ಉತ್ಸಾಹ ಬಂತು, ಳ ಹೋಯಿತು.

“ಮೊದಲನೆಯದು ಎರಡು. ಅದರ ಬೆನ್ನಿಗೇ ಮೂರು,” ಎಂದ ಅವನು ಹಲಗೆಯ ಮೇಲೆ ಬರೆಯುತ್ತ. “ನಡುವೆ ಬರೀ ಒಂದು. ಪಾಪ, ಉಸಿರಾಡಲಿಕ್ಕೂ ಜಾಗ ಇಲ್ಲ.”

ಹೆಂಗಸರ ನಡುವೆ ‘ಅಯ್ಯೋ’ ಎಂಬ ಅಲೆಯೊಂದು ಹಾಯಿತು. ಹಿಂದಿನ ಭಾಷಣಕಾರರು ಯಾರೂ ‘ಪಾಪ’ ಅಂದಿರಲಿಲ್ಲ.

“ಕೆಲವು ಜೋಡಿಯಾಗಿ ಬರುತ್ತವೆ. ಅವಳಿ. ಹನ್ನೊಂದು ಹದಿಮೂರು, ಹದಿನೇಳು ಹತ್ತೊಂಬತ್ತು. ಈ ಅವಳಿಗಳು ಎಲ್ಲಿಯಾದರೂ ನಿಲ್ಲುತ್ತವೋ ಇಲ್ಲವೋ ಇವತ್ತಿನ ತನಕ ದೊಡ್ಡ ದೊಡ್ಡ ವಿದ್ವಾಂಸರಿಗೂ ಗೊತ್ತಾಗಿಲ್ಲ.”

“ನಮ್ಮ ಅತ್ತೆಗೂ ಗೊತ್ತಾಗಲಿಲ್ಲ,” ಎಂದಳು ಅವಳಿ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬಳು. ಅಂಗಳ ಗೊಳ್ಳೆಂದಿತು. ಲಿಂಗರಾಜುವೂ ನಕ್ಕ, ಗಣಿತಕ್ಕೆ ಜನ ನಗುವುದನ್ನು ಅವನು ಕಂಡದ್ದು ಅದೇ ಮೊದಲು.

“ನೂರಾ ಹದಿಮೂರಕ್ಕೆ ಬನ್ನಿ. ಅಲ್ಲಿ ಹದಿನಾಲ್ಕರ ಅಂತರ.”

“ತಿಂಗಳು,” ಎಂದು ವತ್ಸಲಾಬಾಯಿ ವೇದಿಕೆಯ ಅಂಚಿನಿಂದ ಹೆಂಗಸರಿಗೆ ಬಿಡಿಸಿ ಹೇಳಿದರು. ಹಾಗೆಯೇ ಉಮಾನಾಥನ ಕಡೆ ಬಗ್ಗಿ, “ನೂರಾ ಹದಿಮೂರು ಮನೆ ನಂಬರಾ? ಈ ಸಮೀಕ್ಷೆಯನ್ನೆಲ್ಲ ಇವರು ಯಾವಾಗ ಮಾಡಿದರು?”

“ಬಿಡುವಿನಲ್ಲಿ,” ಎಂದ ಉಮಾನಾಥ, ಬೆವರು ಒರೆಸುತ್ತ.

ನೂರಾ ಹದಿಮೂರು ದಾಟಿತು. ಯಾರೂ ಏಳಲಿಲ್ಲ. ಐನೂರು ದಾಟಿತು. ಉಮಾನಾಥ ತಾನು ಈವರೆಗೆ ಕಾಲಿಡದ ಸೀಮೆಗೆ ಬಂದಿದ್ದ. ೧೩೨೭ ಬಂತು, ಮೂವತ್ನಾಲ್ಕು ಎಂದಾಗ ವತ್ಸಲಾಬಾಯಿ ಕುರ್ಚಿಯ ತುದಿಗೆ ಬಂದರು. ಇನ್ನೆರಡೇ ತಿಂಗಳು ಕಡಿಮೆ. ಲಿಂಗರಾಜು ಆಮೇಲಿನ ಮರುಭೂಮಿಯ ಕಥೆ ಹೇಳಿದ: ಎರಡು ಸಾವಿರ, ಐದು ಸಾವಿರ, ಎಂಟು ಸಾವಿರ, ಎಲ್ಲೂ ಅದನ್ನು ಮೀರಿದ್ದು ಸಿಗಲಿಲ್ಲ, ಇಂದು ಬೆಳಿಗ್ಗೆ ವೈಜಾಪುರ ದಾಟುತ್ತಿದ್ದ ಹಾಗೆ ಒಂದು ಕಲ್ಲು ಅಡ್ಡ ಬಂತು, ಆಯಿತು ಎಲ್ಲ ಮುಗಿಯಿತು ಅಂದುಕೊಂಡೆ. ಹೆಂಗಸರು ಮಕ್ಕಳ ಬಾಯಿಗೆ ಸೆರಗು ಕೊಟ್ಟು ಸುಮ್ಮನಾಗಿಸಿದರು. ಕಲ್ಲು ಒಡೆಯಿತು ಎಂದು ಅವನು ಹೇಳಿದಾಗ ಯಾರೋ ನಿಟ್ಟುಸಿರು ಬಿಟ್ಟರು. ಬಹುಶಃ ಉಮಾನಾಥನೇ.

“ಎಷ್ಟು ಸಿಕ್ಕಿತು ಗೊತ್ತೇ? ಎರಡು ಮೂಲಗಳ ನಡುವೆ, ಛತ್ತೀಸ್.”

ಮೂವತ್ತಾರು ತಿಂಗಳು. ಸರಿಯಾಗಿ ಮೂರು ವರ್ಷ. ವತ್ಸಲಾಬಾಯಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಹಿಂದೆ ಇಡೀ ಅಂಗಳ ತಟ್ಟಿತು. ಖುಲ್ತಾಬಾದಿನಿಂದ ಲಾರಿಯಲ್ಲಿ ಬಂದವರು, ದೌಲತಾಬಾದಿನ ಪೇರಲೆ ಮಾರುವವರು, ಹಿಂದೆ ಗೋಡೆಗೊರಗಿ ಬೀಡಿ ಸೇದುತ್ತಿದ್ದ ಗಂಡಸರು, ಎಲ್ಲರೂ. ಉಮಾನಾಥ ಮೊಳಕಾಲ ಮೇಲಿನ ಕೈಗಳನ್ನು ತೆಗೆದು, ಲೆಕ್ಕ ಕಂಡರೆ ಕಾಣಲಿ ಎಂದು, ಕೈ ಉರಿಯುವಷ್ಟು ತಟ್ಟಿದ. ಒಬ್ಬರೂ ಎದ್ದುಹೋಗಿರಲಿಲ್ಲ. ಲಿಂಗರಾಜು ಸುಣ್ಣದ ಕಡ್ಡಿ ಹಿಡಿದು ನಿಂತೇ ಇದ್ದ.

ಚಪ್ಪಾಳೆ ಇಳಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು, ಸೊಂಟದಲ್ಲೊಂದು ಕೂಸು, ಸೆರಗು ಸರಿಪಡಿಸಿಕೊಂಡು ಎದ್ದಳು. ತನ್ನ ಶಿಬಿರಗಳಲ್ಲಿ ಇದುವರೆಗೆ ಯಾರೂ ಬಾಯಿಬಿಟ್ಟು ಪ್ರಶ್ನೆ ಕೇಳಿದ್ದಿಲ್ಲ ಎಂದು ವತ್ಸಲಾಬಾಯಿ ಹೆಮ್ಮೆಯಿಂದ ಉಮಾನಾಥನಿಗೆ ಪಿಸುಗುಟ್ಟಿದರು. ಲಿಂಗರಾಜುವಿಗೂ ಜನ್ಮದಲ್ಲಿ ಯಾರೂ ಕೇಳಿದ್ದಿಲ್ಲ ಎಂಬುದನ್ನು ಉಮಾನಾಥ ಹೇಳಲಿಲ್ಲ.

“ಸಾಹೇಬ,” ಎಂದಳು ಅವಳು. “ನೀವು ಇಷ್ಟೆಲ್ಲ ನೋಡಿದ್ದೀರಿ. ನಮಗೆ ತಿಳಿಯುವ ಹಾಗೆ ಒಂದೇ ಮಾತು ಹೇಳಿ. ಒಂದಾದ ಮೇಲೆ ಇನ್ನೊಂದಕ್ಕೆ ನಾವು ಎಷ್ಟು ಅಂತರ ಇಡಬೇಕು?”

ವತ್ಸಲಾಬಾಯಿ ವೇದಿಕೆಯ ಪಕ್ಕದಿಂದ ಅವನಿಗೆ ಕಾಣುವಂತೆ ಮೂರು ಬೆರಳು ಎತ್ತಿ ತೋರಿಸಿದರು. ಲಿಂಗರಾಜು ಬೆರಳುಗಳನ್ನು ನೋಡಿದ. ಮೂರು, ಅದೂ ಅವಿಭಾಜ್ಯವೇ ಎಂದು ಮೆಚ್ಚುಗೆಯಿಂದ ತಲೆಯಾಡಿಸಿದ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ. ಜೀವನದಲ್ಲಿ ಮೊದಲ ಸಲ ಬಂದ ಪ್ರಶ್ನೆಗೆ ಸುಳ್ಳು ಹೇಳಬಾರದೆಂದು ಬಹಳ ಯೋಚಿಸಿ, ಕನ್ನಡಕ ಏರಿಸಿಕೊಂಡು, ಆ ತಾಯಿಯ ಕಡೆ ತಿರುಗಿ, ಹತ್ತು ವರ್ಷದ ಅನುಭವದಿಂದ ಉತ್ತರ ಕೊಟ್ಟ:

“ಅದು ನಮ್ಮ ಕೈಯಲ್ಲಿ ಎಲ್ಲಿದೆ ಬಾಯಿ? ಅವು ಬರುವಾಗ ಬರುತ್ತವೆ. ನಮ್ಮದೇನಿದ್ದರೂ ಎಣಿಸಿಕೊಳ್ಳುವುದಷ್ಟೇ.”